ಎರಡಾಣೆ ಉಳಿತಾಯದ ಹರಿಕಾರ ಡಾ. ಟಿ.ಎಂ.ಎ. ಪೈ

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಗಾದೆ ಎಲ್ಲರ ಬಾಯಲ್ಲೂ ಇದೆ. ಆದರೆ ಆ ಗಾದೆಯನ್ನೇ ಒಂದು ಬ್ಯಾಂಕಿನ ದಿನನಿತ್ಯದ ಕೆಲಸವನ್ನಾಗಿ ಮಾಡಿ ಬಡವರ ಮನೆಬಾಗಿಲಿಗೆ ಒಯ್ದವರಲ್ಲಿ ನಮ್ಮ ಕರಾವಳಿಯ ಒಬ್ಬ ಡಾಕ್ಟರು ಮುಖ್ಯರು. ಅವರೇ ದಿವಂಗತ ಡಾ. ತೋನ್ಸೆ ಮಾಧವ ಅನಂತ ಪೈ. ಜನ ಅವರನ್ನು ಕರೆಯುವುದು ಟಿ.ಎಂ.ಎ. ಪೈ ಎಂದು.

ಸಾಯಂಕಾಲ ಹೊತ್ತಿಗೆ ನಮ್ಮ ಶಿರಾಲಿ ಪೇಟೆಯಲ್ಲಿ ನಿಂತು ನೋಡಿ. ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುವ ಪಿಗ್ಮಿಯವರು ಕಾಣುತ್ತಾರೆ. ಚಾ ಅಂಗಡಿಯವರು, ಮೀನು ಮಾರುವ ಹೆಂಗಸರು, ಮಲ್ಲಿಗೆ ಕಟ್ಟುವವರು, ರಿಕ್ಷಾದವರು ಎಲ್ಲರೂ ಅಂದಂದಿನ ದುಡಿಮೆಯಲ್ಲಿ ಇಷ್ಟು ಅಂತ ತೆಗೆದು ಕೊಡುತ್ತಾರೆ. ಇದು ಎಷ್ಟು ರೂಢಿಯಾಗಿದೆ ಅಂದ್ರೆ, ಇದನ್ನು ಶುರು ಮಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಅದನ್ನು ನೆನೆಯುವುದು ನಮ್ಮ ಕರ್ತವ್ಯ ಎಂದು ನನಗೆ ಅನಿಸಿತು.

ಸಹಕಾರಿ ಸಂಘದ ಸಂಚಿಕೆಯಲ್ಲಿ ಬ್ಯಾಂಕಿನವರ ಚರಿತ್ರೆ ಯಾಕೆ ಎಂದು ಕೆಲವರು ಕೇಳಬಹುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರು ನಮಗೆಲ್ಲ ಪೂಜ್ಯರು. ನಮ್ಮ ಶಿರಾಲಿಯ ಚಿತ್ರಾಪುರ ಮಠಕ್ಕೆ ನಡೆದುಕೊಳ್ಳುವ ಸಮಾಜದವರೇ ಆದ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಮುಂಬಯಿಯಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಇವರೆಲ್ಲ ಸಹಕಾರದ ದಾರಿ ಹಾಕಿದವರು. ಡಾ. ಪೈಯವರದು ಸಹಕಾರಿ ಸಂಘವಲ್ಲ, ಕಂಪನಿ ಬ್ಯಾಂಕು. ಆದರೆ ನಮ್ಮಂಥ ಸಂಘಗಳು ಇವತ್ತು ಯಾವ ಪಿಗ್ಮಿ ಠೇವಣಿಯನ್ನು ನೆಚ್ಚಿಕೊಂಡಿವೆಯೋ ಆ ಪದ್ಧತಿ ಅವರ ಬ್ಯಾಂಕಿನಿಂದ ಬಂದದ್ದು. ಆ ಋಣ ನಮ್ಮ ಮೇಲಿದೆ.

ಜನನ ಮತ್ತು ವಿದ್ಯಾಭ್ಯಾಸ

ಡಾ. ಪೈಯವರು 1898ರ ಏಪ್ರಿಲ್ 30ರಂದು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ ಹುಟ್ಟಿದರು. ಸುವರ್ಣಾ ನದಿಯ ದಂಡೆಯ ಊರು ಅದು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಭಟ್ಕಳ ದಾಟಿ ಶಿರೂರಿಗೆ ಹೋದರೆ ಸರ್ಕಾರವೇ ಬೇರೆ. ಆದರೂ ಎರಡೂ ಕಡೆಯ ಜನರ ಬಾಳು ಒಂದೇ ತರಹದ್ದು. ಮಳೆಗಾಲದಲ್ಲಿ ಗದ್ದೆ, ಕಡಲು ತೆರೆದಾಗ ಮೀನು, ತೋಟ ಇದ್ದವನಿಗೆ ತೆಂಗು ಅಡಿಕೆ, ಏನೂ ಇಲ್ಲದವನಿಗೆ ಕೂಲಿ. ಕೈಯಲ್ಲಿ ದುಡ್ಡು ಬರುವುದು ಚಿಲ್ಲರೆಯಾಗಿ, ಹೋಗುವುದೂ ಚಿಲ್ಲರೆಯಾಗಿ. ಕಷ್ಟ ಬಂದರೆ ಸಾಹುಕಾರನ ಮನೆ ಅಂಗಳವೇ ಗತಿ.

ಮಾಧವ ಪೈಯವರು ಮದರಾಸಿನಲ್ಲಿ ಎಂ.ಬಿ.ಬಿ.ಎಸ್. ಓದಿ ಡಾಕ್ಟರಾದರು. ಆ ಕಾಲದಲ್ಲಿ ನಮ್ಮ ಕಡೆ ಇಂಗ್ಲಿಷ್ ವೈದ್ಯ ಕಲಿತವರು ಬೆರಳೆಣಿಕೆಯಷ್ಟು. ದೊಡ್ಡ ಪಟ್ಟಣದಲ್ಲಿ ಕೂತಿದ್ದರೆ ಹೆಸರೂ ಹಣವೂ ಬರುತ್ತಿತ್ತು. ಅವರು ಮಾತ್ರ ಉಡುಪಿಗೆ ಬಂದು ರೋಗಿಗಳನ್ನು ನೋಡತೊಡಗಿದರು.

ಬಡವರ ಮೈ ನೋಡುವ ಡಾಕ್ಟರಿಗೆ ಬಡವರ ಮನೆಯೂ ಕಾಣುತ್ತದೆ. ಜ್ವರಕ್ಕೆ ಔಷಧ ಕೊಡಬಹುದು. ಆದರೆ ಉಣ್ಣಲಿಕ್ಕೆ ಇಲ್ಲದವನಿಗೆ, ನಾಳೆಗೆ ಒಂದು ಕಾಸು ಇಡದವನಿಗೆ ಔಷಧ ಎಷ್ಟು ದಿನ ತಾಗೀತು? ರೋಗ, ಅಜ್ಞಾನ, ಬಡತನ ಈ ಮೂರೂ ಒಂದನ್ನೊಂದು ಕೈಹಿಡಿದುಕೊಂಡು ಬರುವ ಪೀಡೆಗಳು ಎಂಬುದು ಅವರ ತಿಳಿವಳಿಕೆಯಾಗಿತ್ತು. ಮುಂದೆ ಅವರು ಮಾಡಿದ ಕೆಲಸಗಳನ್ನು ನೋಡಿದರೆ ಮೂರಕ್ಕೂ ಒಂದೊಂದು ಮದ್ದು ಹುಡುಕಿದ್ದು ಗೊತ್ತಾಗುತ್ತದೆ. ಬಡತನಕ್ಕೆ ಬ್ಯಾಂಕು, ಅಜ್ಞಾನಕ್ಕೆ ಶಾಲೆ ಕಾಲೇಜು, ರೋಗಕ್ಕೆ ಆಸ್ಪತ್ರೆ.

ಎಂಟು ಸಾವಿರ ರೂಪಾಯಿಯ ಬ್ಯಾಂಕು

1920ರ ನಂತರದ ವರ್ಷಗಳಲ್ಲಿ ಉಡುಪಿ ಸೀಮೆಯ ಕೈಮಗ್ಗದ ನೇಕಾರರು ದೊಡ್ಡ ಕಷ್ಟಕ್ಕೆ ಸಿಕ್ಕಿದರು. ನೇಯ್ದ ಬಟ್ಟೆಗೆ ಬೆಲೆ ಇಲ್ಲ, ನೂಲು ತರಲಿಕ್ಕೆ ಕೈಯಲ್ಲಿ ಹಣವಿಲ್ಲ. ಇವರಿಗೆ ನೆರವಾಗಬೇಕು ಎಂದು 1925ರಲ್ಲಿ ಮೂವರು ಸೇರಿದರು. ಅಣ್ಣ ಉಪೇಂದ್ರ ಅನಂತ ಪೈಯವರು ವ್ಯಾಪಾರಸ್ಥರು, ವಾಮನ ಶ್ರೀನಿವಾಸ ಕುಡ್ವರು ಇಂಜಿನಿಯರು, ಮಾಧವ ಪೈಯವರು ಡಾಕ್ಟರು. ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಕಂಪನಿ ಹುಟ್ಟಿತು. ಹೆಸರಿನಲ್ಲೇ ಕೈಗಾರಿಕೆ ಮೊದಲು, ಬ್ಯಾಂಕು ಆಮೇಲೆ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಗೊತ್ತಾಯಿತು.

ಬ್ಯಾಂಕು ಅಂದಮೇಲೆ ಸಾಲ ಕೊಡಬೇಕು. ಸಾಲ ಕೊಡಲಿಕ್ಕೆ ಠೇವಣಿ ಬೇಕು. ದೊಡ್ಡ ಠೇವಣಿ ಇಡುವ ಶ್ರೀಮಂತರನ್ನು ಹುಡುಕಿಕೊಂಡು ಹೋಗುವುದು ಆಗಿನ ಬ್ಯಾಂಕುಗಳ ರೀತಿ. ಕೂಲಿಯವನು, ಗೂಡಂಗಡಿಯವನು ಬ್ಯಾಂಕಿನ ಮೆಟ್ಟಿಲು ಹತ್ತಲಿಕ್ಕೇ ಹೆದರುತ್ತಿದ್ದ. ಹತ್ತಿದರೂ ಅವನ ಕೈಯಲ್ಲಿದ್ದ ನಾಲ್ಕಾಣೆಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಪಿಗ್ಮಿ ಬಂತು

1928ರಲ್ಲಿ ಬ್ಯಾಂಕು ಬ್ರಹ್ಮಾವರದಲ್ಲಿ ತನ್ನ ಮೊದಲ ಶಾಖೆ ತೆರೆಯಿತು. ಅದೇ ವರ್ಷ ಪಿಗ್ಮಿ ಠೇವಣಿ ಯೋಜನೆಯೂ ಶುರುವಾಯಿತು. ಪಿಗ್ಮಿ ಅಂದರೆ ಕುಳ್ಳ, ಚಿಕ್ಕದು ಎಂದು ಅರ್ಥ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಕೊಡಲಿಕ್ಕೆ ಬ್ಯಾಂಕಿಗೆ ಹೋಗುವುದು ಬೇಡ, ಬ್ಯಾಂಕಿನ ಏಜೆಂಟನೇ ಮನೆಗೆ, ಅಂಗಡಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಅವನಿಗೆ ಸಂಗ್ರಹದ ಮೇಲೆ ಕಮಿಷನ್.

ಈಗಿನ ಹುಡುಗರಿಗೆ ಆಣೆ ಲೆಕ್ಕ ಗೊತ್ತಿಲ್ಲ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಆ ಕಾಲದಲ್ಲಿ ಕೂಲಿ ಮಾಡುವವನ ಕೈಯಲ್ಲಿ ಒಮ್ಮೆಗೇ ಅಷ್ಟು ಹಣ ಕಾಣುವುದು ಸಣ್ಣ ಮಾತಲ್ಲ.

ಲೆಕ್ಕ ಬಲ್ಲವರಿಗೆ ಇದು ಹುಚ್ಚು ಕೆಲಸವಾಗಿ ಕಾಣಬಹುದು. ಎರಡಾಣೆಗೆ ಒಬ್ಬ ಮನುಷ್ಯ ದಿನಾ ಬಾಗಿಲಿಗೆ ಹೋಗಬೇಕು, ಕಾರ್ಡಿನಲ್ಲಿ ಬರೆಯಬೇಕು, ಮಾರನೇ ದಿನ ಖಾತೆಗೆ ಹತ್ತಿಸಬೇಕು. ಒಂದೇ ಸಾರಿ ಸಾವಿರ ರೂಪಾಯಿ ತರುವ ಸಾಹುಕಾರನಿಗೆ ಇಷ್ಟು ಖರ್ಚಿಲ್ಲ. ಆದರೆ ನಮ್ಮ ಸಂಘದ ಅನುಭವದಿಂದ ನಾನು ಒಂದು ಮಾತು ಹೇಳಬಲ್ಲೆ. ದೊಡ್ಡ ಠೇವಣಿದಾರ ಬೇರೆ ಕಡೆ ಕಾಲು ಪೈಸೆ ಬಡ್ಡಿ ಜಾಸ್ತಿ ಅಂದ್ರೆ ಎತ್ತಿಕೊಂಡು ಹೋಗುತ್ತಾನೆ. ದಿನಾ ಇಪ್ಪತ್ತು ರೂಪಾಯಿ ಕಟ್ಟುವ ಹೂವಿನ ಹೆಂಗಸು ಹೋಗುವುದಿಲ್ಲ. ಅವಳ ಹಣ ಚಿಕ್ಕದು, ನಿಲ್ಲುವುದು ಗಟ್ಟಿ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ವರ್ಷವಿಡೀ ದಿನಾ ಬಾಗಿಲಿಗೆ ಹೋಗುವವನಿಗೆ ಆ ಮನೆಯ ಹಾಲು ನೀರು ಎಲ್ಲ ಗೊತ್ತಾಗುತ್ತದೆ. ಯಾರು ಮಳೆಗಾಲದಲ್ಲೂ ತಪ್ಪದೆ ಕಟ್ಟಿದರು, ಯಾರು ಕಷ್ಟವಿದ್ದಾಗ ಹೇಳಿ ಎರಡು ದಿನ ಬಿಟ್ಟರು, ಯಾರ ದುಡಿಮೆ ಎಷ್ಟು, ಇದೆಲ್ಲ ಕಾರ್ಡಿನಲ್ಲೇ ಇದೆ. ಅಂಥವರು ಸಾಲ ಕೇಳಲು ಬಂದಾಗ ಜಮೀನಿನ ಪಹಣಿ ಇಲ್ಲದಿದ್ದರೂ ಅವರ ಉಳಿತಾಯವೇ ಅವರ ಪರವಾಗಿ ಸಾಕ್ಷಿ ಹೇಳುತ್ತದೆ. ಎಷ್ಟು ಕಟ್ಟಬಲ್ಲರೋ ಅಷ್ಟೇ ಸಾಲ ಕೊಡಲಿಕ್ಕೂ ಬರುತ್ತದೆ. ಬಡವನಿಗೆ ಸಾಲ ಮೊದಲಲ್ಲ, ಉಳಿತಾಯ ಮೊದಲು ಎಂಬ ಪಾಠ ಎರಡಾಣೆಯ ಈ ಯೋಜನೆಯಲ್ಲಿ ಇದೆ.

ನಂಬಿಕೆಯೇ ಬಂಡವಾಳ

ಇಲ್ಲಿ ನಾವೆಲ್ಲ ಗಮನಿಸಬೇಕಾದ ಒಂದು ಸಂಗತಿ ಇದೆ. 1928ರಲ್ಲಿ ರಿಸರ್ವ್ ಬ್ಯಾಂಕು ಇರಲಿಲ್ಲ, ಅದು ಶುರುವಾದದ್ದು 1935ರಲ್ಲಿ. ಠೇವಣಿಗೆ ವಿಮೆ ಎಂಬುದೂ ಇರಲಿಲ್ಲ. 1938ರಲ್ಲಿ ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುಳುಗಿ ದಕ್ಷಿಣ ದೇಶದಲ್ಲೆಲ್ಲ ಗಾಬರಿಯಾಯಿತು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಬಾಗಿಲು ಹಾಕಿತು. ಅದಾದ ಮೇಲೆ 1962ರಲ್ಲಿ ಠೇವಣಿ ವಿಮೆ ಬಂತು. ಅಲ್ಲಿಯ ತನಕ ಎರಡಾಣೆ ಕೊಟ್ಟವನಿಗೆ ಆಧಾರ ಅಂದರೆ ಬ್ಯಾಂಕು ನಡೆಸುವವರ ಪ್ರಾಮಾಣಿಕತೆ ಒಂದೇ. ಪೈ ಸಹೋದರರ ಬ್ಯಾಂಕು ಆ ಮೂವತ್ತು ನಾಲ್ವತ್ತು ವರ್ಷಗಳನ್ನು ದಾಟಿ ಬಂತು. ಡಾ. ಪೈಯವರ ದೊಡ್ಡಸ್ತಿಕೆ ಯೋಜನೆ ಶುರು ಮಾಡಿದ್ದರಲ್ಲಿ ಎಷ್ಟೋ, ಅದನ್ನು ಮುರಿಯದೆ ನಡೆಸಿದ್ದರಲ್ಲೂ ಅಷ್ಟೇ ಇದೆ.

ಬೆಳೆದದ್ದೂ ಹಳ್ಳಿಗಳ ದಾರಿಯಲ್ಲಿಯೇ. 1946ರಲ್ಲಿ ಒಂದೇ ದಿನ ಗ್ರಾಮೀಣ ಭಾಗದಲ್ಲಿ 29 ಶಾಖೆಗಳನ್ನು ತೆರೆದರು. ಕೇಳಿದರೆ ಆಶ್ಚರ್ಯ ಆಗುತ್ತದೆ. ಆದರೆ ಬ್ರಹ್ಮಾವರದ ಮೊದಲ ಶಾಖೆಗೂ ಈ ದಿನಕ್ಕೂ ನಡುವೆ 18 ವರ್ಷದ ಪಿಗ್ಮಿ ಇತ್ತು ಎಂಬುದನ್ನು ಮರೆಯಬಾರದು. ಜನರ ಪರಿಚಯ, ನಂಬಿಕೆ, ಠೇವಣಿ ಬೆಳೆಸಿಕೊಂಡ ಮೇಲಿನ ಹೆಜ್ಜೆ ಅದು.

ಇದೆಲ್ಲ ಒಬ್ಬರಿಂದ ಆದದ್ದಲ್ಲ. ಅಣ್ಣ ಉಪೇಂದ್ರ ಪೈಯವರು ಬೆನ್ನಿಗಿದ್ದರು. ಉಪೇಂದ್ರ ಪೈಯವರ ಮಗ ಟಿ.ಎ. ಪೈಯವರು ಬ್ಯಾಂಕನ್ನು ದೇಶದಲ್ಲೆಲ್ಲ ಬೆಳೆಸಿ ಮುಂದೆ ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರೂ, ಕೇಂದ್ರದಲ್ಲಿ ಮಂತ್ರಿಗಳೂ ಆದರು. ಬಿಸಿಲು ಮಳೆ ಎನ್ನದೆ ನಡೆದ ಸಾವಿರಾರು ಪಿಗ್ಮಿ ಏಜೆಂಟರ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಈ ಸಂಗ್ರಾಹಕರು ತಮ್ಮ ಹಕ್ಕಿಗಾಗಿ ಬಹಳ ವರ್ಷ ಹೋರಾಡಬೇಕಾಯಿತು. ಅವರೂ ಬ್ಯಾಂಕಿನ ಕೆಲಸಗಾರರೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ. ಬಡವರ ಹಣ ತರುವವರೂ ಬಡವರೇ ಎಂಬುದನ್ನು ನಮ್ಮ ಸಂಘವೂ ನೆನಪಿಡಬೇಕು.

ಬೋಳುಗುಡ್ಡ ಮಣಿಪಾಲವಾಯಿತು

ನಮ್ಮ ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ ಅಂದರೆ ಆಸ್ಪತ್ರೆ. ಜಾಸ್ತಿ ಕಾಯಿಲೆ ಆದರೆ ಮಣಿಪಾಲಕ್ಕೆ ಒಯ್ಯಿರಿ ಎನ್ನುವುದು ನಮ್ಮಲ್ಲಿ ಮಾಮೂಲಿ ಮಾತು. ಒಂದು ಕಾಲದಲ್ಲಿ ಅದು ಹುಲ್ಲೂ ಸರಿಯಾಗಿ ಬೆಳೆಯದ ಮುರಕಲ್ಲಿನ ಗುಡ್ಡ. ಮಣ್ಣಿನ ಪಳ್ಳ, ಅಂದ್ರೆ ಮಣ್ಣಿನ ಕೆರೆ, ಇದ್ದದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ.

ಡಾ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. ಉಡುಪಿಯಲ್ಲಿ 1949ರಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಸರ್ಕಾರದ ಹಣಕ್ಕೆ ಕಾಯದೆ ಖಾಸಗಿಯವರು ಮೆಡಿಕಲ್ ಕಾಲೇಜು ನಡೆಸಬಹುದು ಎಂದು ತೋರಿಸಿಕೊಟ್ಟರು. ಮಕ್ಕಳನ್ನು ಓದಿಸುವವರಿಂದಲೇ ಹಣ ತೆಗೆದುಕೊಂಡು ಕಾಲೇಜು ಕಟ್ಟಿದ್ದರಿಂದ ಹಣವಿದ್ದವರಿಗೆ ಮಾತ್ರ ಡಾಕ್ಟರಿಕೆ ಎಂಬ ಟೀಕೆಯೂ ಬಂತು. ಆ ಟೀಕೆಯಲ್ಲಿ ನಿಜವಿಲ್ಲ ಎನ್ನಲಾಗದು. ಅವರ ದಾರಿ ಹಿಡಿದ ಎಷ್ಟೋ ಜನ ಆ ಮೇಲೆ ವಿದ್ಯೆಯನ್ನು ವ್ಯಾಪಾರ ಮಾಡಿದರು. ಆದರೆ ಒಂದು ಬೋಳುಗುಡ್ಡದಿಂದ ಕರಾವಳಿಯ ಲಕ್ಷಾಂತರ ರೋಗಿಗಳಿಗೆ ಆಸರೆಯಾದದ್ದೂ ಅಷ್ಟೇ ನಿಜ.

ಕೊನೆಯ ದಿನಗಳು

ಬ್ಯಾಂಕಿನ ಪ್ರಧಾನ ಕಚೇರಿಯೂ ಮಣಿಪಾಲಕ್ಕೆ ಬಂತು. 1960ರ ದಶಕದಲ್ಲಿ ಅದಕ್ಕೆ ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರಾಯಿತು. 1969ರ ಜುಲೈ 19ರಂದು ಇಂದಿರಾ ಗಾಂಧಿಯವರ ಸರ್ಕಾರ ರಾಷ್ಟ್ರೀಕರಣ ಮಾಡಿದ 14 ದೊಡ್ಡ ಬ್ಯಾಂಕುಗಳಲ್ಲಿ ಇದೂ ಒಂದು. ಎಂಟು ಸಾವಿರ ರೂಪಾಯಿಯಲ್ಲಿ ಹುಟ್ಟಿದ ಬ್ಯಾಂಕು ದೇಶದ ದೊಡ್ಡ ಬ್ಯಾಂಕುಗಳ ಸಾಲಿಗೆ ಬಂದಿತ್ತು. ರಾಷ್ಟ್ರೀಕರಣವಾದ ಮೇಲೆ 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ದೇಶದ ಮೊದಲ ಗ್ರಾಮೀಣ ಬ್ಯಾಂಕಾದ ಪ್ರಥಮಾ ಬ್ಯಾಂಕನ್ನು ಪ್ರಾಯೋಜಿಸಿದ್ದೂ ಸಿಂಡಿಕೇಟ್ ಬ್ಯಾಂಕೇ.

ಭಾರತ ಸರ್ಕಾರ ಡಾ. ಪೈಯವರಿಗೆ 1972ರಲ್ಲಿ ಪದ್ಮಶ್ರೀ ಕೊಟ್ಟು ಗೌರವಿಸಿತು. 1979ರ ಮೇ 29ರಂದು, ತಮ್ಮ 81ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡಿನ ಮೇಲಿನ ಹೆಸರು ಹೋಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಹೋಗಲಿಲ್ಲ, ಅದು ಊರೂರಿನ ಸಹಕಾರಿ ಸಂಘಗಳ ಚೀಲದಲ್ಲಿ ಉಳಿಯಿತು.

ಒಂದೇ ಬಾಗಿಲಿಗೆ ಇಬ್ಬರು

ಈಗ ನಮ್ಮ ಕಾಲಕ್ಕೆ ಬರೋಣ. ಇವತ್ತು ಬಡವರ ಮನೆಬಾಗಿಲಿಗೆ ಹಣದ ಕೆಲಸಕ್ಕೆ ಇಬ್ಬರು ಬರುತ್ತಾರೆ. ಒಬ್ಬ ಪಿಗ್ಮಿಯವನು, ಇನ್ನೊಬ್ಬ ವಾರದ ಕಂತು ವಸೂಲಿಗೆ ಬರುವವನು. ಇಬ್ಬರ ಹೆಗಲಲ್ಲೂ ಚೀಲ ಇದೆ, ಇಬ್ಬರೂ ಪುಸ್ತಕ ತೆಗೆಯುತ್ತಾರೆ. ಆದರೆ ಮೊದಲನೆಯವನು ಬಂದಾಗ ಮನೆಯಾಕೆ ಬಾಗಿಲಿಗೆ ಬರುತ್ತಾಳೆ, ಎರಡನೆಯವನು ಬಂದಾಗ ಕೆಲವು ಕಡೆ ಹಿತ್ತಲಿಗೆ ಹೋಗುತ್ತಾಳೆ.

ಸಣ್ಣ ಸಾಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆಕಳು ತರಲಿಕ್ಕೆ, ಬಲೆ ಕೊಳ್ಳಲಿಕ್ಕೆ, ಹೊಲಿಗೆ ಮಷಿನ್ನಿಗೆ ಸಾಲ ಬೇಕು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು ಜಾಮೀನು ಇಲ್ಲದ ಹೆಂಗಸರಿಗೂ ಸಾಲ ಕೊಟ್ಟು ವಸೂಲು ಮಾಡಬಹುದು ಎಂದು ತೋರಿಸಿತು. ನಮ್ಮ ದೇಶದಲ್ಲಿ ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು, ಅಲ್ಲಿಯೂ ಗುಂಪಿನವರು ಮೊದಲು ಉಳಿತಾಯ ಮಾಡಬೇಕು, ಆಮೇಲೆ ಸಾಲ. ತೊಂದರೆ ಬಂದದ್ದು ಉಳಿತಾಯ ಬಿಟ್ಟು ಸಾಲವನ್ನೇ ಮಾರುವ ಸರಕು ಮಾಡಿಕೊಂಡಾಗ. ಒಂದೇ ಮನೆಗೆ ನಾಲ್ಕು ಕಡೆ ಸಾಲ, ಒಂದರ ಕಂತು ಕಟ್ಟಲಿಕ್ಕೆ ಇನ್ನೊಂದು. 2010ರಲ್ಲಿ ಆಂಧ್ರದಲ್ಲಿ ಇದು ದೊಡ್ಡ ಅನಾಹುತವಾಯಿತು. ನಮ್ಮ ರಾಜ್ಯದಲ್ಲಿಯೂ ವಸೂಲಿಯ ಕಿರುಕುಳ ವಿಪರೀತವಾಗಿ, 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು ಎಂದು ಅದರಲ್ಲಿ ಹೇಳಿದೆ.

ಸಾಲ ಸಮಿತಿಯಲ್ಲಿ ಕೂತಾಗ ನಮ್ಮ ಮುಂದೆ ಅರ್ಜಿ ಇರುತ್ತದೆ, ಅರ್ಜಿಯ ಹಿಂದೆ ಒಂದು ಮನೆ ಇರುತ್ತದೆ. 2022ರಿಂದ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಮತ್ತು ಹಣಕಾಸು ಕಂಪನಿಗಳಿಗೆ ಒಂದು ನಿಯಮ ಮಾಡಿದೆ. ಸಣ್ಣ ಸಾಲ ಪಡೆಯುವ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಮ್ಮಂಥ ಪ್ರಾಥಮಿಕ ಸಂಘಕ್ಕೆ ಆ ನಿಯಮ ಅನ್ವಯಿಸದೇ ಇರಬಹುದು. ಆದರೆ ಒಳ್ಳೆಯ ನಿಯಮವನ್ನು ಪಾಲಿಸಲಿಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಸಾಲ ಕಡಿಮೆ ಕೊಟ್ಟಿರಿ ಎಂದು ಸದಸ್ಯರು ನಮ್ಮ ಮೇಲೆ ಸಿಟ್ಟಾಗಬಹುದು. ಕಟ್ಟಲಾರದ ಸಾಲ ಕೊಟ್ಟು ಆಮೇಲೆ ಅವರ ಮನೆ ಮುಂದೆ ನಿಲ್ಲುವುದಕ್ಕಿಂತ ಆ ಸಿಟ್ಟೇ ಮೇಲು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರಿಂದ ಐದು ಲಕ್ಷದ ತನಕ ವಿಮೆ ಇದೆ. ನಮ್ಮಂಥ ಪ್ರಾಥಮಿಕ ಸಹಕಾರಿ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಅಂದರೆ ನಮ್ಮ ಸಂಘದ ಪಿಗ್ಮಿದಾರರು ಇವತ್ತು ನಿಂತಿರುವುದು 1928ರಲ್ಲಿ ಬ್ರಹ್ಮಾವರದ ಗೂಡಂಗಡಿಯವನು ನಿಂತ ಜಾಗದಲ್ಲೇ. ಅವರಿಗೆ ಆಧಾರ ನಿರ್ದೇಶಕರಾದ ನಮ್ಮ ನಿಯತ್ತು, ಸಿಬ್ಬಂದಿಯ ನಿಯತ್ತು, ಸದಸ್ಯರ ಎಚ್ಚರ. ಸಂಗ್ರಹವಾದ ಹಣ ಅದೇ ದಿನ ಅಥವಾ ಮಾರನೇ ದಿನ ಖಾತೆಗೆ ಸೇರಬೇಕು. ಸದಸ್ಯರು ತಿಂಗಳಿಗೊಮ್ಮೆಯಾದರೂ ಪಾಸ್‌ಬುಕ್ಕು ತಂದು ಲೆಕ್ಕ ತಾಳೆ ನೋಡಬೇಕು. ನಿರ್ದೇಶಕರು ವರ್ಷದಲ್ಲಿ ಕೆಲವು ದಿನ ಮುಂಚಿತವಾಗಿ ಹೇಳದೆ ಪಿಗ್ಮಿಯವರ ಜೊತೆ ಮನೆ ಮನೆಗೆ ಹೋಗಿ ಬರಬೇಕು. ನನ್ನ ಮನೆಯವರಿಗೆ, ನಿರ್ದೇಶಕರ ನೆಂಟರಿಗೆ ಸಾಲ ಕೊಡುವಾಗ ಎರಡು ಸಾರಿ ಯೋಚಿಸಬೇಕು. ಅಕ್ಕಪಕ್ಕದ ಊರುಗಳಲ್ಲಿ ಶಾಖೆ ತೆರೆಯಬೇಕೆಂಬ ಮಾತು ಮಹಾಸಭೆಯಲ್ಲಿ ಬಂದರೆ, ಅಲ್ಲಿ ಎಷ್ಟು ಸಾಲ ಕೊಡಬಹುದು ಎಂದು ಕೇಳುವ ಮೊದಲು ಅಲ್ಲಿಯ ಎಷ್ಟು ಜನ ನಮ್ಮನ್ನು ನಂಬಿ ದಿನಾ ಹತ್ತು ರೂಪಾಯಿ ಕೊಡುತ್ತಾರೆ ಎಂದು ಕೇಳೋಣ.

ಇಪ್ಪತ್ತೈದು ವರ್ಷ ಸಂಘ ನಡೆದಿದೆ. ಇದು ಶೇರು ಹಾಕಿದ, ಪಿಗ್ಮಿ ಕಟ್ಟಿದ, ಸಾಲ ತೆಗೆದು ನಿಯತ್ತಿನಿಂದ ತೀರಿಸಿದ ನಿಮ್ಮೆಲ್ಲರ ದುಡಿಮೆ. ಡಾ. ಪೈಯವರ ಚರಿತ್ರೆ ಬರೆಯುವಷ್ಟು ವಿದ್ಯೆ ನನಗಿಲ್ಲ, ಎಸ್.ಎಸ್.ಎಲ್.ಸಿ. ಓದಿ ಗದ್ದೆಗೆ ಇಳಿದವನು ನಾನು. ಆದರೆ ಗದ್ದೆಯವನಿಗೆ ಒಂದು ವಿಷಯ ಗೊತ್ತಿರುತ್ತದೆ. ನೀರು ಒಮ್ಮೆಗೇ ನುಗ್ಗಿದರೆ ಸಸಿ ಕೊಚ್ಚಿಕೊಂಡು ಹೋಗುತ್ತದೆ, ಹದವಾಗಿ ಹರಿದರೆ ತೆನೆ ತುಂಬುತ್ತದೆ. ಹಣವೂ ಹಾಗೆಯೇ. ಎರಡಾಣೆಯ ಬೆಲೆ ತಿಳಿದ ಆ ಡಾಕ್ಟರ ನೆನಪು ನಮ್ಮ ಸಂಘವನ್ನು ಹದದಲ್ಲಿ ಇಡಲಿ. ಸುವರ್ಣ ಮಹೋತ್ಸವದ ದಿನವೂ ಸಾಯಂಕಾಲದ ಹೊತ್ತು ಶಿರಾಲಿ ಪೇಟೆಯಲ್ಲಿ ಆ ಚೀಲದವರನ್ನು ಕಂಡು ಜನ ತಾವಾಗಿಯೇ ಕೈ ಎತ್ತಿ ಕರೆಯುವಂತಾಗಲಿ ಎಂದು ಹಾರೈಸುತ್ತೇನೆ.